ಅಭಿಪ್ರಾಯದ ಹಾಳಿ

ಐವತ್ತೊಂದು ಹಾಳಿ ಝೆರಾಕ್ಸ್ ಮಾಡಿಸೇನಿ.
ಸದಸ್ಯರು ನಲವತ್ತೇಳು, ನಾಲ್ಕು ಹೆಚ್ಚಿಗಿ,
ಡಾಕ್ಟರ ಮಂದಿ ಹಾಳಿ ಕಳಕೋತಾರ.

ಸಂಘ ಹಿಂಗ ಇರಬೇಕೋ,
ಹುಬ್ಬಳ್ಳಿಯ ದೊಡ್ಡ ಸಂಘದಾಗ ಕೂಡಬೇಕೋ,
ಮುಚ್ಚಬೇಕೋ?
ಮೂರು ಚೌಕ. ಒಂದಕ್ಕ ರೈಟ್ ಹಾಕ್ರಿ.
ಕೆಳಗ ಎರಡು ಗೆರಿ, ಮನಸಿನ್ಯಾಗಿದ್ದದ್ದು ಬರೀಲಿಕ್ಕೆ.
‘ಎರಡು ಸಾಕು’ ಅಂದ್ರು ಅಧ್ಯಕ್ಷರು,
‘ಮೂರು ಕೊಟ್ರ ಭಾಷಣ ಬರೀತಾರ.’

ಸಂಘ ಅಂದ್ರ ಭಾಳ ಏನಿಲ್ಲ.
ಬೆಟಗೇರಿ ಹೆಲ್ತ್ ಕ್ಯಾಂಪಿನ್ಯಾಗ ಒಂದು ಖೋಲಿ,
ಸೋರೂ ಮೂಲಿಗೆ ಒಂದು ಬಕೀಟು,
ಹದಿನೆಂಟು ಕುರ್ಚಿ, ಅದರಾಗ ಎರಡರ ಕಾಲು ಮುರದಾವ,
ಪ್ಲಾಸ್ಟರ್ ಪಟ್ಟಿ ಸುತ್ತಿ ನಿಲ್ಲಿಸೇನಿ.
ಕಪಾಟಿನ್ಯಾಗ ಮೂವತ್ತು ವರ್ಷದ ಠರಾವು.
ಬಾಗಿಲ ಹಿಂದ ಎರಡು ಸಣ್ಣ ಆಕ್ಸಿಜನ್ ಸಿಲಿಂಡರು,
ಅರ್ಧರಾತ್ರ್ಯಾಗ ಯಾರಿಗೆ ಕಡಿಮಿ ಬಿತ್ತೋ ಅವರದು.
ಕೀಲಿ ನನ್ನ ಉಡದಾರಕ್ಕೈತಿ.

ಡಾಕ್ಟರ್ ಹಬೀಬ ಹಲ್ಲು ಕೀಳಕೋತನ ಓದಿದ್ರು.
ಬಾಯಿ ತೆರದು ಮಲಗಿದಾವನ್ನ ಕೇಳಿದ್ರು: ‘ನೀ ಏನಂತಿ?’
ಅಂವ ಗರಗರ ಅಂದ.
‘ನೋಡು, ಇವನೂ ಕೂಡಿಸ್ರಿ ಅಂತಾನ.’
ನಡುವಿನ ಚೌಕ.

ಟಾಂಗಾ ಕೂಟದ ಡಾಕ್ಟರ್ ಅಂಗಡಿಮಠರು
ಕಣ್ಣಡಕ ತಗದ್ರು.
‘ನನ್ನ ದವಾಖಾನಿಗೆ ಕಲ್ಲು ಬಿದ್ದ ದಿನ
ಸಂಘದಿಂದ ಎಷ್ಟು ಮಂದಿ ಬಂದಿದ್ರೋ?’
ಎಣಿಸಿದೆ. ‘ನಾಲ್ಕು, ಸಾಹೇಬ್ರ.’
‘ನಿನ್ನ ಬಿಟ್ಟು?’
‘ಮೂರು.’
ತಮ್ಮ ಕೈಯ್ಯಾನ ಗಾಜು ತಾವ ಕಿತ್ತು
ತಾವ ಹೊಲಿಗಿ ಹಾಕ್ಕೊಂಡ ಮನಷ್ಯಾ.
ಮುಚ್ಚೂ ಚೌಕಕ್ಕ ಎಷ್ಟು ಒತ್ತಿ ಗೀಚಿದ್ರಂದ್ರ
ಅಡಿಯ ಹಾಳಿಗೂ ಮೂಡಿತು.
ಅದು ಲ್ಯಾಬಿನ ನದಾಫರಿಗೆ ಹೋಗಬೇಕಾದ ಹಾಳಿ.
ನದಾಫರು ಬೆಳಕಿಗೆ ಹಿಡದು ನೋಡಿ,
‘ಈ ಗೀರು ನಂದಲ್ಲ’ ಅಂತ ಬರದು ಸಹಿ ಮಾಡಿದ್ರು.
ತಮ್ಮದು ಯಾವುದಂತ ಬರೀಲಿಲ್ಲ.

ಮುಳಗುಂದ ನಾಕಾದ ಫಿಜಿಯೋಥೆರಪಿ ಹುಡುಗಿ,
‘ನಾನೂ ಸದಸ್ಯಳಾ? ಯಾವಾಗಿಂದ?’
ಪಾವತಿ ತೋರಿಸಿದೆ: ಅವರಪ್ಪ ಕಟ್ಟಿದ ಐನೂರು.
‘ಇರಲಿ’ಗೆ ಹಾಕಿ ಕೆಳಗ ಬರದಳು:
ಸಭಾಕ್ಕ ಕರೀರಿ, ಬರತೀನಿ. ಚಹಾ ಹಂಚೂದಕ್ಕ ಅಲ್ಲ.

ಎಸ್ತರ್ ಸಿಸ್ಟರ್ ಮೂರು ದಿನ ಹಾಳಿ ಇಟಕೊಂಡಿದ್ರು.
ಎಪ್ಪತ್ತು ದಾಟೇತಿ, ಇನ್ನೂ ಹೆರಿಗಿಗೆ ಕರೀತಾರ ಅವರನ್ನ.
ಚೌಕ ಮೂರೂ ಖಾಲಿ, ಗೆರಿ ಎರಡೂ ಖಾಲಿ.
ಹಿಂದ ಹೊಳ್ಳಿಸಿದ್ರ ಬರೇ ತಾರೀಖು,
ಹದಿನಾಲ್ಕು ತಾರೀಖು, ಪೆನ್ಸಿಲ್ಲಿಲೆ.
ನನಗ ಗೊತ್ತು ಅವು.
ಸೈಕಲ್ ಹಿಂದ ಸಿಲಿಂಡರ್ ಬಿಗದು ನಾ ಹೋದ ರಾತ್ರಿಗಳು.
ಒಂದರ ಸುತ್ತ ದುಂಡಗ ಗೆರಿ ಎಳದಿದ್ರು.
ಆ ರಾತ್ರಿ ಹಾತಲಗೇರಿ ನಾಕಾದ ಹತ್ತಿರ
ನನ್ನ ಸೈಕಲ್ ಚೈನು ಕಡೀತು.
ಹನ್ನೊಂದು ವರ್ಷ.
ಇಬ್ಬರೂ ಆ ಮಾತು ತಗದಿಲ್ಲ.

ಬಂದದ್ದು ನಲವತ್ತೊಂದು.
ಇರಲಿ ಹದಿನೈದು, ಕೂಡಲಿ ಹದಿನಾಲ್ಕು, ಮುಚ್ಚಲಿ ಒಂಬತ್ತು.
ರೈಟ್ ಇಲ್ಲದ್ದು ಮೂರು:
ನದಾಫರದೊಂದು, ಸಿಸ್ಟರದೊಂದು,
ತೀರಿಕೊಂಡ ಡಾಕ್ಟರ್ ಕವಲೂರರದೊಂದು,
ಅವರ ಮನಿಯವರು ಬಾಕಿ ಚಂದಾ ಪಿನ್ನು ಹೊಡದು ಕಳಿಸ್ಯಾರ.

‘ತಾರೀಖಿಗೆ ಚೌಕ ಎಲ್ಲಿ ಐತೋ?’ ಅಂದ್ರು ಅಧ್ಯಕ್ಷರು,
ಸಿಸ್ಟರ ಹಾಳಿ ಆ ಕಡೆ ಈ ಕಡೆ ಹೊಳ್ಳಿಸಿ,
‘ಅಸಿಂಧು ಅಂತ ಬರಿ.’
ಬರದೆ.
ಅಕ್ಷರ ಸೊಟ್ಟ ಬಂತು, ಅಳಸಿ ಮತ್ತೊಮ್ಮೆ ಬರದೆ.

ನನ್ನ ಕೇಳೂದು ಕಾಯ್ದೆದಾಗಿಲ್ಲ, ನಾ ಪಗಾರದಾವ.
ಹೆಚ್ಚಿಗಿ ಹಾಳಿ ನಾಲ್ಕೂ ಹಂಗ ಉಳದಾವ;
ಈ ಸಲ ಯಾರೂ ಕಳಕೊಂಡಿಲ್ಲ.
ಸಭಾ ಬರೂ ಐತವಾರ. ಅಲ್ಲೀತನಕ ಸಂಘ ಐತಿ.
ಒಂದು ಹಾಳಿ ಹೊಳ್ಳಿಸಿ ದಪ್ಪಗ ಬರದು
ಸಿಲಿಂಡರಿನ ಮ್ಯಾಲಿನ ಗ್ವಾಡಿಗೆ ಅಂಟಿಸೇನಿ:
ಚೈನಿಗೆ ಎಣ್ಣಿ.