ಗಾದ್ರಪ್ಪ ಶಿಯಾನಿಗೆ ಹೋಗಿ ಬಂದದ್ದು

ಇಪ್ಪತ್ತಾರು ವರ್ಷ ದುರ್ಗ ಹತ್ತಿಸಿದ್ದೇನೆ,
ಮೈಸೂರಿನವರನ್ನು, ಸೊಲ್ಲಾಪುರದವರನ್ನು, ಬಿಳಿ ಕೊಡೆಯ ಜಪಾನಿನವರನ್ನು.
ಹೇಳಿದ್ದನ್ನೇ ಹೇಳಿ ನನ್ನ ಮಾತಿಗೂ ಮೆಟ್ಟಿಲು ಬಿದ್ದಿವೆ:
ಮದ್ದು ಬೀಸುವ ಕಲ್ಲಿನ ಬಳಿ ದನಿ ಏರಿಸು,
ತುಪ್ಪದ ಕೊಳದಲ್ಲಿ ನಗಿಸು, ಎರಡು ಗುಟುಕು ನೀರು ಕುಡಿ,
ಕಿಂಡಿಯ ಮುಂದೆ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರು,
ಆಮೇಲೆ ಒನಕೆ.

"ಒಂದು ಸಲ ನೀನೂ ನೋಡುವವನಾಗು ಮಾವ" ಅಂದಳು
ಅಲ್ಲಿ ಡಾಕ್ಟರಿಕೆ ಓದುವ ತಂಗಿಯ ಮಗಳು ನಿರೂಪಾ.
ಚೀಟಿ ಎತ್ತಿ ಹೊರಟೆ.
ಹೆಗಲಿಗೆ ಚಳ್ಳಕೆರೆ ಕಂಬಳಿ.
ವಿಮಾನದಲ್ಲಿ ಪಕ್ಕದವನು ಮುಟ್ಟಿ ನೋಡಿದ.

ಶಿಯಾನಿನ ಕೋಟೆಗೋಡೆಯ ಮೇಲೆ
ಸೈಕಲ್ಲು ಬಾಡಿಗೆಗೆ ಕೊಡುತ್ತಾರೆ. ಅಷ್ಟಗಲ, ಅಷ್ಟು ಸಪಾಟು,
ಗೆರೆ ಎಳೆದು ಕಟ್ಟಿದ ಇಟ್ಟಿಗೆ.
ನಮ್ಮದು ಹಾಗಲ್ಲ. ಬಂಡೆ ಬಾಗಿದಲ್ಲಿ ಗೋಡೆಯೂ ಬಾಗಿತು,
ಬಂಡೆಯೇ ಸಾಕು ಎಂದಲ್ಲಿ ಗೋಡೆ ಸುಮ್ಮನಾಯಿತು.
ಐವತ್ತೆರಡರ ನಾನು ಪೆಡಲು ತುಳಿದೆ.
ಮೊಣಕಾಲು ಮಾತ್ರ ದುರ್ಗದ್ದು,
ದಾರಿಯುದ್ದಕ್ಕೂ ಏರು ಹುಡುಕುತ್ತಿತ್ತು.

ಮಣ್ಣಿನ ಸೈನಿಕರ ಗುಂಡಿಯ ಬಳಿ
ಹಳದಿ ಬಾವುಟ ಹಿಡಿದ ಗೈಡು ಹುಡುಗಿ.
ಅವಳ ಇಂಗ್ಲಿಷು ಅರ್ಧ ತಿಳಿಯಿತು, ಕಸುಬು ಪೂರ್ತಿ.
ಈಗ ನಿಲ್ಲುತ್ತಾಳೆ ಅಂದುಕೊಂಡೆ, ನಿಂತಳು.
ಈಗ ನಗಿಸುತ್ತಾಳೆ. ನಕ್ಕರು.
ಬಾಟಲಿ ತೆಗೆದು ಎರಡು ಗುಟುಕು.
ಆಮೇಲೆ ದನಿ ಇಳಿಸಿ ಏನೋ ಹೇಳಿದಳು,
ಎಲ್ಲರೂ ಬಗ್ಗಿ ಸಾವಿರ ಮುಖ ನೋಡಿದರು.
ನಾನು ಅವಳ ಬೂಟು ನೋಡಿದೆ:
ಎಡಗಾಲಿನ ಹಿಮ್ಮಡಿ ಸವೆದಿತ್ತು.
ನನ್ನದೂ ಎಡವೇ.

ಶಾಸನಗಳದೇ ಒಂದು ಕಾಡು ಇದೆ ಆ ಊರಲ್ಲಿ.
ಕಲ್ಲಿಗೆ ಒದ್ದೆ ಕಾಗದ ಹಚ್ಚಿ ಮಸಿ ತಟ್ಟುವ ಮುದುಕ,
ತಟ್ ತಟ್ ತಟ್,
ಪಕ್ಕದ ಮನೆಯಲ್ಲಿ ರೊಟ್ಟಿ ಬಡಿದ ಹಾಗೆ.
ಮುಟ್ಟಬೇಡಿ ಎಂದು ಕೈಯ ಚಿತ್ರ, ಅದರ ಮೇಲೆ ಕೆಂಪು ಗೀಟು.
ನಮ್ಮ ಮಂಟಪದ ಕಂಬದಲ್ಲಿ ಮಂಜ ಶಿಲ್ಪಾಳನ್ನು ಪ್ರೀತಿಸುತ್ತಾನೆ,
ಮೊಳೆಯಲ್ಲಿ ಕೆತ್ತಿ, ಬಾಣ ಬಿಟ್ಟು.
ಅತಿಥಿಗಳಿಗೆ ಕಾಣದಿರಲೆಂದು
ಆ ಅಕ್ಷರಕ್ಕೆ ಬೆನ್ನಾನಿಸಿಯೇ ನಾನು ಕತೆ ಹೇಳುವುದು.

ಗೋಪುರವೊಂದರಲ್ಲಿ
"ಈ ಗ್ರಂಥಗಳು ಇಂಡಿಯಾದಿಂದ ಬಂದವು" ಅಂದದ್ದೇ
ಗುಂಪೆಲ್ಲ ತಿರುಗಿ ನನ್ನ ನೋಡಿತು,
ನಾನೇ ಹೊತ್ತು ತಂದಿಟ್ಟ ಹಾಗೆ.
ಕಂಬಳಿ ಸರಿಮಾಡಿಕೊಂಡೆ.

ಕೊನೆಯ ದಿನ ಮ್ಯೂಸಿಯಮ್ಮಿನಲ್ಲಿ, ಗಾಜಿನೊಳಗೆ,
ಚೌಕ ತೂತಿನ ನಾಣ್ಯಗಳು, ರಾಶಿ.
"ಹಾನ್ ರಾಜರ ಕಾಲದ್ದು" ಎಂದು ಓದಿ ಹೇಳಿದಳು ನಿರೂಪಾ.
ಚಂದ್ರವಳ್ಳಿಯಲ್ಲಿ ಅಗೆದಾಗ ಚೀನಾದ್ದೊಂದು ನಾಣ್ಯ ಸಿಕ್ಕಿತಂತೆ:
ಇದು ನಾನು ದಿನವೂ ಹೇಳುವ ಸಾಲು,
ಹೇಳಿ ದಾಟುವ ಸಾಲು, ಯಾರೂ ಫೋಟೋ ತೆಗೆಯದ್ದು.
ಅದು ಯಾವ ಕಾಲದ್ದೆಂದು ಪಂಡಿತರಿಗೇ ಜಗಳ. ಇರಲಿ.
ಯಾವನೋ ಒಬ್ಬ ದಾರದಿಂದ ಒಂದನ್ನು ಬಿಚ್ಚಿ
ಅಂಕಲಿಯ ಬಂಡೆ ನೆರಳಲ್ಲಿ ಏನು ಕೊಂಡ?
ಎಳ್ಳೋ? ಒಂದು ರಾತ್ರಿಯ ನಿದ್ದೆಯೋ?
ಚಿಲ್ಲರೆ ವಾಪಸು ಕೊಟ್ಟರೋ ಇಲ್ಲವೋ?

ಬಂದ ಮಾರನೆಯ ದಿನವೇ ಕೆಲಸ.
ರಾಣೆಬೆನ್ನೂರಿನ ಶಾಲೆ ಮಕ್ಕಳು, ಅರವತ್ತು ಜನ,
ಮಂಗಗಳಿಗೂ ಮಕ್ಕಳಿಗೂ ಒಂದೇ ಬಿಸ್ಕತ್ತು ಪೊಟ್ಟಣ.
ಟಂಕಸಾಲೆಯ ಮಣ್ಣುಗೋಡೆ ಹತ್ತಿರ ಆ ಸಾಲು ಹೇಳಿದೆ.
ಎರಡು ಜಡೆಯ ಹುಡುಗಿ ಕೈ ಎತ್ತಿದಳು:
"ಚೀನಾದವರು ಇಲ್ಲಿಗೆ ಬಂದಿದ್ರಾ ಸಾರ್?"
ಗೊತ್ತಿಲ್ಲ, ನಾಣ್ಯ ಬಂದಿತ್ತು, ಅಂದೆ.
"ಎಷ್ಟು?"
ಒಂದು.
"ಒಂದೇನಾ? ಪಾಪ" ಅಂದಳು.

ಮುಂದಿನ ಸಾಲು ನೆನಪಾಗಲಿಲ್ಲ.
ಬಾಟಲಿ ತೆಗೆದೆ.
ಎರಡಲ್ಲ, ಮೂರು ಗುಟುಕು.