ಒಳಗೆ ಬಿಟ್ಟ ಬಟ್ಟೆ

ಮಣಿಕಟ್ಟಿನಲ್ಲಿ ಸೂಜಿ ಚುಚ್ಚಿ ತಂತಿ ತೂರಿಸಿದರು.
ನನಗೆ ಗೊತ್ತಿರುವ ಕೆಲಸ:
ಪಿನ್ನಿಗೆ ಲಾಡಿ ಕಟ್ಟಿ ಲಂಗದ ಪಟ್ಟಿಯೊಳಗೆ ಬಿಟ್ಟು
ಹೊರಗಿನಿಂದ ಬೆರಳಲ್ಲಿ ತಡವಿ ತಡವಿ
ನೂಕುತ್ತ ಹೋಗುವುದು.
ನೆರಿಗೆ ಸಿಕ್ಕಿದಲ್ಲಿ ನಿಲ್ಲುವುದು. ಜಗ್ಗಬಾರದು.

"ಅಂಬಾಜಿರಾಯರೇ, ಉಸಿರು ಬಿಗಿ ಹಿಡೀಬೇಡಿ"
ಅಂದರು ಸಿಸ್ಟರ್ ಲಿಡ್ವಿನ್.
ಅವರ ಅಂಗಿಯ ಎಡ ಭುಜ ಕಾಲಿಂಚು ಇಳಿದಿತ್ತು.
ನಾನು ಹೇಳಲಿಲ್ಲ.

ಅರಸೀಕೆರೆಯಿಂದ ಹಾಸನದ ದಾರಿ.
ದುದ್ದ ದಾಟುವಾಗ ಆಂಬುಲೆನ್ಸಿನಲ್ಲಿ
ಮಗಳು ಸುಗಂಧಾ ಯಾರಿಗೋ ಫೋನಿನಲ್ಲಿ:
ನಲವತ್ತು ಯೂನಿಫಾರ್ಮು ಸರ್,
ಕತ್ತರಿಸಿದ್ದು ಹದಿನಾಲ್ಕು, ಮಿಕ್ಕಿದ್ದು ಇನ್ನೂ ಥಾನಿನಲ್ಲೇ.

ಪರದೆಯ ಮೇಲೆ ನನ್ನ ನಾಳ.
ಮೇಲೆ ಐದು ಮಿಲಿಮೀಟರು, ನಡುವೆ ಹೆಪ್ಪು,
ಕೆಳಗೆ ಮೂರಕ್ಕೆ ಇಳಿದಿದೆ.
ರೈಲ್ವೆಯ ಗಾರ್ಡು ಮುನಿಸ್ವಾಮಿ ಹೀಗೇ ಇದ್ದರು,
ಸೊಂಟ ದಪ್ಪ, ಕಾಲು ಕಡ್ಡಿ.
ರೆಡಿಮೇಡ್ ಯಾವುದೂ ಆಗುತ್ತಿರಲಿಲ್ಲ.

ಡಾಕ್ಟರಮ್ಮ ಹೇಳಿದರು:
"ಬಲೂನಿನಲ್ಲಿ ಉಬ್ಬಿಸುವ ಸ್ಟೆಂಟು ಉಬ್ಬಿಸಿದಷ್ಟೇ.
ಕೆಳಗಿನ ಅಳತೆಗೆ ಹಾಕಿದರೆ ಮೇಲೆ ಸಡಿಲ,
ಮೇಲಿನ ಅಳತೆಗೆ ಹಾಕಿದರೆ ಕೆಳಗೆ ಹರಿಯುತ್ತೆ.
ಇದು ತಾನೇ ಅರಳುತ್ತೆ.
ನಾಳೆ ನಾಡಿದ್ದು ಹೆಪ್ಪು ಕರಗಿ ಜಾಗ ಅಗಲವಾದರೆ
ಇದೂ ಅದರ ಹಿಂದೆಯೇ ಅಗಲ ಆಗುತ್ತೆ."

"ಎಲಾಸ್ಟಿಕ್ಕು" ಅಂದೆ.
ಮುಖಗವಸಿನ ಮೇಲೆ ಕಣ್ಣು ಕಿರಿದಾಯಿತು.
"ಉಲ್ಟಾ. ಎಲಾಸ್ಟಿಕ್ಕಿಗೆ ಕುಗ್ಗುವ ಆಸೆ.
ಇದನ್ನು ಎಷ್ಟೇ ಮಡಿಚಿಡಿ,
ಅರಳುವ ಆಸೆ ಬಿಡಲ್ಲ."

ಆಸೆ.
ಆ ಮಾತು ಅವರೇ ಆಡಿದ್ದು, ನಾನಲ್ಲ.

ಮೇಲಿನ ಕೊಳವೆ ಹಿಂದಕ್ಕೆ ಎಳೆದರು,
ತೋಳಿನಿಂದ ಕೈ ತೆಗೆದ ಹಾಗೆ.
ಒಳಗೆ ಏನೂ ತಿಳಿಯಲಿಲ್ಲ.
ಪರದೆಯಲ್ಲಿ ಮಾತ್ರ ಕಪ್ಪು ಗೆರೆ
ಸಿಕ್ಕು ಬಿಟ್ಟ ಬಾಬಿನ್ನಿನ ನೂಲಿನಂತೆ
ತುದಿಯವರೆಗೂ ಓಡಿತು.

ಅಪ್ಪ ಹೇಳುತ್ತಿದ್ದರು:
ಮಕ್ಕಳ ಬಟ್ಟೆಗೆ ಒಳಗೆ ಒಂದಿಂಚು ಬಿಡು.
ಮುಂದಿನ ಜೂನಿಗೆ ಅವರವ್ವ ಬಿಚ್ಚಿಕೊಳ್ಳಲಿ.
ಮೂವತ್ತೆಂಟು ವರ್ಷ ಬಿಟ್ಟಿದ್ದೇನೆ.

ಇಲ್ಲ, ಪೂರ್ತಿ ನಿಜವಲ್ಲ.
ಬಟ್ಟೆ ತುಟ್ಟಿಯಾದ ವರ್ಷ ಅರ್ಧ ಇಂಚು.
ಶಾಲೆಯ ಗುತ್ತಿಗೆ ಸಿಕ್ಕ ವರ್ಷ
ಏನೂ ಬಿಡಲಿಲ್ಲ.
ಆ ತಣ್ಣಗಿನ ಟೇಬಲ್ಲಿನ ಮೇಲೆ ದೇವರು ನೆನಪಾಗಲಿಲ್ಲ,
ಡಿಸೆಂಬರಿನ ಹೊತ್ತಿಗೆ ಕಂಕುಳು ಬಿಗಿದು
ಕವಾಯತಿಗೆ ಕೈ ಎತ್ತಲಾಗದೆ
ಸಾಲಿನಲ್ಲಿ ನಿಂತ ಹುಡುಗಿಯರು ನೆನಪಾದರು.

ಈಗ ರಕ್ತ ತೆಳುವಾಗುವ ಮಾತ್ರೆ.
ಕತ್ತರಿ ತಾಗಿದರೆ ಬೇಗ ನಿಲ್ಲುವುದಿಲ್ಲ,
ಬಿಳಿ ಬಟ್ಟೆಯ ಕೆಲಸ ಬೇರೆ.
ಅದಕ್ಕೇ ಕತ್ತರಿಸುವುದು ಸುಗಂಧಾ,
ಸೀಮೆಸುಣ್ಣದ ಗೆರೆ ಮಾತ್ರ ನನ್ನದು.

"ಅಪ್ಪಾ, ಗೆರೆ ಹೊರಗೆ ಹೋಯ್ತು.
ಇಪ್ಪತ್ತಾರಕ್ಕೆ ಬಟ್ಟೆ ಸಾಲಲ್ಲ."

ಗೊತ್ತು.
ಕತ್ತರಿಸು.