ಅರ್ಧ ಚೀಟಿ

ಕೊಪ್ಪಿಕರ ರಸ್ತೆದಾಗ ನನ್ನ ಪಾಲಿಗೆ ಬಂದದ್ದು
ಬಟ್ಟಿ ಅಂಗಡಿಯಿಂದ ಹಲ್ಲಿನ ದವಾಖಾನಿ ತನಕ,
ಎಣಿಸಿದರ ಎಂಬತ್ತಾರು ಹೆಜ್ಜಿ.
ಬೈಕಿಗೆ ಹತ್ತು, ಕಾರಿಗೆ ಮೂವತ್ತು,
ಎರಡು ತಾಸು ದಾಟಿದರ ಮತ್ತ ಅಷ್ಟ.
ಹರದ ಅರ್ಧ ಚೀಟಿ ಅವರಿಗೆ,
ಉಳದರ್ಧ ನನ್ನ ಪುಸ್ತಕದಾಗ.

ಮುಂಜಾನೆ ಮೊದಲ ಬೋಣಿಗಿ ದಿನಾ ಇದ:
"ರಸ್ತೆ ಏನ ನಿಮ್ಮಪ್ಪಂದೇನು?"
ಅಲ್ರೀ ಸಾಹೇಬ್ರ, ನಮ್ಮಪ್ಪಂದು
ಗಿರಣಿಚಾಳದಾಗ ಒಂದು ಖೋಲಿ ಇತ್ತು,
ಅದೂ ಬಾಡಿಗಿದು.
ಬಾಯಿ ಬಿಟ್ಟು ಅನ್ನೂದಿಲ್ಲ.
ವೈಪರಿನ ಕೆಳಗ ಚೀಟಿ ಸಿಗಸಿ ಮುಂದ ಹೋಗತೇನಿ.

ಮೊನ್ನೆ ಒಬ್ಬ ಮಾಸ್ತರಬಾಯಿ
ಮೂವತ್ತು ಕೊಟ್ಟಳು, ಬೈಲಿಲ್ಲ,
ಚೀಟಿ ಹಿಂದ ಮುಂದ ತಿರುವಿ ನೋಡಿ ಕೇಳಿದಳು:
"ಈ ರೊಕ್ಕ ಎಲ್ಲಿಗೆ ಹೋಗತದ?"
ಸಂಜಿಗೆ ಗುತ್ತಿಗಿದಾರ ಗೋಗೇರಿ ಬರತಾನ,
ಎಣಿಸಿ ಚೀಲಕ್ಕ ಹಾಕತಾನ.
ಅಲ್ಲಿಂದ ಪಾಲಿಕಿಗೆ.
ಪಾಲಿಕಿಂದ?
ಅಷ್ಟರಾಗ ಗಾಳಿಗೆ ಯಾರದೋ ಚೀಟಿ ಹಾರಿತು,
ಹಿಡಿಯಾಕ ಓಡಿದೆ.

ಈ ಬಿಳಿ ಗೆರಿ ಹೊಡಿಯೂ ಮೊದಲ
ಏಳನೇ ಖಾನೇದಾಗ ಚೆನ್ನಬಸವ್ವ ಕುಂದ್ರತಿದ್ದಳು.
ಮೆಂತೆ, ರಾಜಗಿರಿ, ಹುಣಚಿಕ್ಕ, ಹರವಿದ ಒಂದು ಗೋಣಿತಾಟು.
ತಾಟಿಗೆ ದಿನದ ಕರ ಇತ್ತು, ಕೊಡತಿದ್ದಳು.
ಆಕಿ ಒಮ್ಮೆನೂ ಕೇಳಲಿಲ್ಲ ರಸ್ತೆ ಯಾರದಂತ.
ಏಳು ಅಂದರು, ಎದ್ದಳು.
ಈಗ ಅಲ್ಲೆ ಬೂದಿ ಬಣ್ಣದ ಕಾರು
ಗಾಜು ಏರಿಸಿಕೊಂಡು, ಒಳಗ ಒಂದು ನರಪಿಳ್ಳಿ ಇಲ್ಲದ
ನಾಲ್ಕು ತಾಸು ಸುಮ್ಮನ ಕುಂತಿರತೈತಿ.
ಅದಕ್ಕ ತೂಕಡಿಕಿ ಬರೂದಿಲ್ಲ, ಅರ್ಧ ಚಹಾ ಬೇಕಂತಿಲ್ಲ,
ತಪ್ಪಲು ಬಾಡದಂಗ ನೀರು ಚಿಮುಕಿಸೂ ಚಿಂತಿಲ್ಲ.
ಮಾಡೂದು ಒಂದ ಕೆಲಸ, ನೆರಳು.
ನೆರಳಾಗ ಒಂದು ನಾಯಿ.

ರಾತ್ರಿ ಎಂಟೂವರಿಗೆ ನನ್ನ ಅಂಗಡಿ ಬಂದ್.
ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲತೇನಿ.
ಧಾರವಾಡದ ದಾರಿಗೆ ಚಿಗರಿ ಬಸ್ಸು ಅದಾವು,
ತಣ್ಣನ ಗಾಳಿ, ತಾವ ತೆರಿಯೂ ಬಾಗಿಲ, ತಮ್ಮದ ಹಾದಿ,
ಹೆಸರಿನಂಗ ಜಿಗದು ಹೋಗತಾವು.
ನಮ್ಮ ಓಣಿಗೆ ಬರೂದು ಎಮ್ಮಿ.
ಎಬ್ಬಿಸಿದರ ಏಳತೈತಿ,
ಕೆಸರು ಕಂಡರ ಕೂಡತೈತಿ.

ಕಾಯೂ ಮಂದಿ ಎಲ್ಲಾ ನನ್ನ ರಸ್ತೇದವರ:
ದವಾಖಾನಿ ಕಸ ಹೊಡಿಯೂ ಮೆಹಬೂಬಿ,
ಕೊರಳಾಗಿನ ಅಳತಿ ಪಟ್ಟಿ ತಗಿಯೂದ ಮರತ ಅಂಗಡಿ ಹುಡುಗ,
ಖಾಲಿ ಬುಟ್ಟಿ ಮ್ಯಾಲ ಕುಂತ ಚೆನ್ನಬಸವ್ವ.
ಈಗ ಆಕಿ ತಲಿ ಮ್ಯಾಲ ಹೊತ್ತು ತಿರಗತಾಳ,
ತಿರಗೂ ಬುಟ್ಟಿಗೆ ಇನ್ನ ಗೆರಿ ಹೊಡದಿಲ್ಲ.
"ಹೆಂಗಸರಿಗೆ ಬಸ್ಸು ಪುಕ್ಕಟ ಐತಿ ಖರೆ, ಲಗಮಣ್ಣಾ,
ಬಾರದ ಬಸ್ಸು ಪುಕ್ಕಟ ಇದ್ದರೇನು,
ರೊಕ್ಕದ್ದಿದ್ದರೇನು?"

ಒಂಬತ್ತೂ ಹತ್ತಕ್ಕ ಬಂತು.
ಲೆಕ್ಕದಾಗ ನಾನು ದಡ್ಡ, ಆದರ ಖಾನೆ ಅಳಿಯೂದು ಬರತೈತಿ:
ಬಸ್ಸು ನಿಂತದ್ದು ಬರೇ ಮೂರು ಖಾನೆ.
ಒಳಗ ಎಪ್ಪತ್ತು ಮಂದಿ,
ಒಂದು ಹೊಲಿಗಿ ಮಶೀನು,
ಯಾರದೋ ಕಂಕುಳಾಗ ಮಲಗಿದ ಕೂಸು.
ಮೂರು ಖಾನೇಕ್ಕ ನನ್ನ ಚೀಟಿ ಲೆಕ್ಕದಾಗ
ತೊಂಬತ್ತು ರೂಪಾಯಿ.

ಮನ್ಯಾಗ ಮಗ ಅಂತಾನ,
"ಅಪ್ಪಾ, ಕಂತಿನ ಮ್ಯಾಲ ಒಂದು ಬೈಕ್ ತಗೊಳ್ಳೂಣು,
ಎಮ್ಮಿ ದಾರಿ ಎಷ್ಟಂತ ಕಾಯತಿ?"
ಎಲ್ಲೆ ನಿಲ್ಲಸೂದಲೇ?
"ನಿನ್ನ ಖಾನೇದಾಗ."
ಹೌದು. ಆವಾಗ ಕಂತೂ ಕಟ್ಟಿ, ಪೆಟ್ರೋಲೂ ಹಾಕಿ,
ದಿನಾ ಮುಂಜಾನೆ ನನಗ ನಾನ ಒಂದು ಚೀಟಿ ಹರದುಕೊಂಡು
ನನ್ನ ನಾನ ಬೈಬೇಕು,
ರಸ್ತೆ ಏನ ನಿಮ್ಮಪ್ಪಂದೇನು ಅಂತ.

ಕಂಡಕ್ಟರ್ ಮಶೀನು ಒತ್ತಿದ, ಕರ್ ಅಂತ ಬಂತು
ಅರ್ಧ ಅಲ್ಲ, ಪೂರ್ತಿ ಚೀಟಿ.
ಮಂದೀ ನಡುವ ಒಂದು ಕೈಲೆ ಕಂಬಿ ಹಿಡಕೊಂಡು
ಮಾಸ್ತರಬಾಯಿ ನೋಡಿಧಂಗ
ತಿರುವಿ ನೋಡಿದೆ.
ಹಿಂದ ಏನೂ ಬರದಿರಲಿಲ್ಲ.